ಅರ್ಥ ಗೊತ್ತಿಲ್ಲ ಅಂದ್ರೆ ಕೇಳಿ, ನೀವೇ ಕಟ್ಟಬೇಡಿ

ನಂಜನಗೂಡು ತಾಲ್ಲೂಕಿನ ಒಂದು ಊರು. ಊರಿನ ಹೆಸರು, ಮನೆಯವರ ಹೆಸರು ಇಲ್ಲಿ ಬರೆಯಲ್ಲ. ಯಾಕೆ ಅಂತ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತೆ. ಪಿಯುಸಿ ಓದುವ ಹುಡುಗಿಯೊಬ್ಬಳು ತನ್ನ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಎರಡೇ ಎರಡು ಅಂಕಿ ಹಾಕಿದಳು. 67. ಪಕ್ಕದಲ್ಲಿ ಒಂದು ನಗುವ ಮುಖ. ಅಷ್ಟೇ.

ನೋಡಿದವರು ಸಂಬಂಧಿಕರೇ. ಅವರು ಹುಡುಗಿಯನ್ನು ಕೇಳಲಿಲ್ಲ. ತಾವೇ ಅರ್ಥ ಕಟ್ಟಿದರು. ‘ಸಂಜೆ ಆರರಿಂದ ಏಳರೊಳಗೆ ಬಸ್ ಸ್ಟ್ಯಾಂಡ್ ಹತ್ರ ಸಿಗು ಅಂತ ಯಾರಿಗೋ ಹೇಳ್ತಾವಳೆ’ ಅಂತ. ಅದು ಇನ್ನೊಬ್ಬರ ಕಿವಿಗೆ ಬಿತ್ತು. ಅಲ್ಲಿಂದ ಅಪ್ಪನ ಕಿವಿಗೆ ಬರುವಷ್ಟರಲ್ಲಿ ‘ಯಾರಿಗೋ’ ಅನ್ನೋದಕ್ಕೆ ಒಬ್ಬ ಹುಡುಗನ ಹೆಸರೂ ಸೇರಿಕೊಂಡಿತ್ತು. ಆ ಹುಡುಗನಿಗೆ ಈ ವಿಷಯವೇ ಗೊತ್ತಿಲ್ಲ.

ಅಪ್ಪ ಫೋನ್ ಕಿತ್ತುಕೊಂಡರು. ಒಂಬತ್ತು ದಿನ ಹುಡುಗಿ ಕಾಲೇಜಿಗೆ ಹೋಗಲಿಲ್ಲ.

ನಮ್ಮಲ್ಲಿ ಇಬ್ಬರು ಆ ಮನೆಗೆ ಹೋಗಿದ್ದೆವು. ‘67 ಅಂದ್ರೆ ಏನಮ್ಮ?’ ಅಂತ ಕೇಳಿದಾಗ ಆ ಹುಡುಗಿ ಹೇಳಿದ್ದು ಇಷ್ಟು: ‘ಏನೂ ಇಲ್ಲ ಕಣಕ್ಕ. ಎಲ್ರೂ ಹಾಕ್ತಾರೆ ಅಂತ ಹಾಕ್ದೆ.’ ಅಪ್ಪ ನಂಬಲಿಲ್ಲ. ‘ಏನೂ ಇಲ್ದೆ ಯಾರಾದ್ರೂ ಬರೀತಾರಾ? ನಮ್ಗೇನ್ ಕಿವಿ ಮೇಲೆ ಹೂ ಮಡಗಿದ್ದಾರಾ?’ ಅಂದರು.

ಆ ಅಪ್ಪನಿಗೂ, ಹಾಗೆಯೇ ಯೋಚಿಸುವ ಎಲ್ಲರಿಗೂ ನಾವು ಈ ಬರಹ ಬರೆಯುತ್ತಿದ್ದೇವೆ. ಹುಡುಗಿ ಹೇಳಿದ್ದು ನಿಜ. 67ಕ್ಕೆ ಅರ್ಥ ಇಲ್ಲ.

ಅರ್ಥ ಇಲ್ಲದ ಮಾತು

ಸ್ಕ್ರಿಲ್ಲಾ ಅನ್ನೋ ಅಮೆರಿಕದ ರ್‍ಯಾಪ್ ಹಾಡುಗಾರನ ಒಂದು ಹಾಡಿನಲ್ಲಿ ‘ಸಿಕ್ಸ್ ಸೆವೆನ್’ ಅಂತ ಬರುತ್ತೆ. ಅದನ್ನು ಬಾಸ್ಕೆಟ್‌ಬಾಲ್ ವಿಡಿಯೊಗಳಿಗೆ ಜೋಡಿಸಿದರು. ಲಾಮೆಲೊ ಬಾಲ್ ಅನ್ನೋ ಆಟಗಾರನ ಎತ್ತರ 6 ಅಡಿ 7 ಇಂಚು, ಅದಕ್ಕೆ. ಅಲ್ಲಿಂದ ಅದು ಮಕ್ಕಳ ಬಾಯಿಗೆ ಬಿತ್ತು. 2025ರಲ್ಲಿ ಅಮೆರಿಕದ ಮಕ್ಕಳು ಕ್ಲಾಸಿನಲ್ಲಿ ಮೇಷ್ಟ್ರು ‘ಪುಟ ಅರವತ್ತೇಳು ತೆಗೀರಿ’ ಅಂದರೆ ಸಾಕು, ಎರಡು ಕೈಯನ್ನು ತಕ್ಕಡಿ ಥರ ಮೇಲೆ ಕೆಳಗೆ ಆಡಿಸಿ ಕೂಗುತ್ತಿದ್ದರು. ಡಿಕ್ಷನರಿ ಡಾಟ್ ಕಾಮ್ ಅನ್ನೋ ನಿಘಂಟು ಅದನ್ನೇ 2025ರ ವರ್ಷದ ಪದ ಅಂತ ಆರಿಸಿತು. ಆರಿಸಿದವರೂ ಇದಕ್ಕೆ ಇಂಥದ್ದೇ ಅರ್ಥ ಅಂತ ಹೇಳಲಿಲ್ಲ.

ಪದಕ್ಕೆ ಅರ್ಥ ಕೊಡೋದೇ ಕೆಲಸ ಮಾಡಿಕೊಂಡ ನಿಘಂಟಿನವರಿಗೇ ಸಿಗದ ಅರ್ಥ ನಮ್ಮ ಊರಿನ ಜಗಲಿ ಮೇಲೆ ಐದು ನಿಮಿಷದಲ್ಲಿ ಸಿಕ್ಕಿಬಿಟ್ಟಿತು. ಬಸ್ ಸ್ಟ್ಯಾಂಡು, ಟೈಮು, ಹುಡುಗ ಎಲ್ಲ ಸಮೇತ.

ಇದೊಂದೇ ಅಲ್ಲ. ‘ಪೋಷಕರೇ ಎಚ್ಚರ! ನಿಮ್ಮ ಮಕ್ಕಳು ಬಳಸುವ ರಹಸ್ಯ ಪದಗಳು’ ಅಂತ ಒಂದು ಪಟ್ಟಿ ನಿಮ್ಮ ಗ್ರೂಪಿಗೂ ಬಂದಿರಬಹುದು. ಈ ಬಣ್ಣದ ಹೃದಯ ಅಂದರೆ ಹಿಂಗೆ, ಆ ಹಣ್ಣಿನ ಚಿತ್ರ ಅಂದರೆ ಹಂಗೆ ಅಂತ. ಯಾರು ಬರೆದರು, ಎಲ್ಲಿ ಬರೆದರು, ಯಾವ ಊರಿನ ಮಕ್ಕಳನ್ನು ಕೇಳಿ ಬರೆದರು, ಒಂದೂ ಇರಲ್ಲ. ಬೇರೆ ದೇಶದಲ್ಲಿ ಎಲ್ಲೋ ಕೆಲವರು ಒಂದು ಚಿತ್ರವನ್ನು ಕೆಟ್ಟದ್ದಕ್ಕೆ ಬಳಸಿರಬಹುದು. ಅದು ಹುಲ್ಲಹಳ್ಳಿಯಲ್ಲಿ, ಬನ್ನೂರಿನಲ್ಲಿ, ಸೋಸಲೆಯಲ್ಲಿ ಓದುವ ಹುಡುಗಿ ತನ್ನ ಗೆಳತಿಯ ಹುಟ್ಟುಹಬ್ಬಕ್ಕೆ ಹಾಕಿದ ನೇರಳೆ ಹೃದಯಕ್ಕೆ ಹೇಗೆ ಅರ್ಥ ಆಗುತ್ತೆ?

ಹುಡುಗರು ಆಡುವ ಇನ್ನೂ ಕೆಲವು ಮಾತು ತಗೊಳ್ಳಿ. ‘ಡೆಲುಲು’ ಅಂದರೆ ಹಗಲುಗನಸು ಕಾಣೋರು. ಭ್ರಮೆಯಲ್ಲಿರುವವರು ಅನ್ನೋದಕ್ಕೆ ಇಂಗ್ಲಿಷಿನಲ್ಲಿರುವ ಪದವನ್ನೇ ಮೊಟಕು ಮಾಡಿ ಮುದ್ದು ಮಾಡಿದ್ದು. 2025ರಲ್ಲಿ ಕೇಂಬ್ರಿಜ್ ನಿಘಂಟಿಗೇ ಸೇರಿತು. ‘ರಿಜ್’ ಅಂದರೆ ಮಾತಲ್ಲೇ ಮರುಳು ಮಾಡುವ ಗುಣ. 2023ರಲ್ಲಿ ಆಕ್ಸ್‌ಫರ್ಡ್‌ನವರ ವರ್ಷದ ಪದ. ‘ಸ್ಕಿಬಿಡಿ’ ಅನ್ನೋದು ಯೂಟ್ಯೂಬಿನ ಕಾರ್ಟೂನಿನಿಂದ ಬಂದ ಮಾತು, ಹೆಚ್ಚಿನ ಸಲ ಅದಕ್ಕೂ ಅರ್ಥ ಇರಲ್ಲ. ಇದರಲ್ಲಿ ಯಾವುದೂ ಗುಟ್ಟಲ್ಲ. ಕೇಳಿದರೆ ಹುಡುಗರೇ ಹೇಳುತ್ತಾರೆ, ಹೇಳಿ ನಗುತ್ತಾರೆ.

ನಾವೇನು ಕಮ್ಮಿ ಇದ್ದೆವಾ?

ಫೋನ್ ಕಿತ್ತುಕೊಳ್ಳುವ ಅಪ್ಪಂದಿರೇ, ಚಿಕ್ಕಪ್ಪಂದಿರೇ, ಒಂದು ನಿಮಿಷ ನಿಮ್ಮ ಕಾಲಕ್ಕೆ ಹೋಗಿ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ, ಕಾಲೇಜಿನ ಡೆಸ್ಕಿನಲ್ಲಿ, ಬಸ್ಸಿನ ಸೀಟಿನ ಹಿಂದೆ 143 ಅಂತ ಕೆತ್ತಿದವರು ಯಾರು? ಒಂದಕ್ಷರ, ನಾಲ್ಕಕ್ಷರ, ಮೂರಕ್ಷರ. ಐ ಲವ್ ಯೂ. ಅದು ನಿಜವಾಗಿಯೂ ಗುಟ್ಟಿನ ಅಂಕಿ. ಇವತ್ತಿನ 67ರಲ್ಲಿ ಅಷ್ಟೂ ಇಲ್ಲ.

ನಾವು ಚಿಕ್ಕವರಿದ್ದಾಗ ದೊಡ್ಡವರಿಗೆ ತಿಳಿಯಬಾರದು ಅಂತ ಅಕ್ಷರದ ಮುಂದೆಲ್ಲ ‘ಕ’ ಸೇರಿಸಿ ‘ಕ’ ಭಾಷೆ ಆಡುತ್ತಿದ್ದೆವು. ನಮ್ಮ ಅಜ್ಜಿಯರು ಒಗಟು ಹೇಳಿ ಸೊಸೆಗೆ ಕುಟುಕುತ್ತಿದ್ದರು. ಮುಡುಕುತೊರೆ ಜಾತ್ರೆಯಲ್ಲಿ, ಸುತ್ತೂರು ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ನೋಡಿದ್ದೀರಲ್ಲ? ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ರೇಟು ಮಾತಾಡುತ್ತಿದ್ದರು. ಸುತ್ತ ನಿಂತ ಹತ್ತು ಜನಕ್ಕೆ ಅದು ಎಷ್ಟು ಅಂತ ಗೊತ್ತಾಗುತ್ತಿರಲಿಲ್ಲ. ಟವೆಲ್ ಕೆಳಗೆ ಕೈ ಇಟ್ಟ ಅಂತ ಯಾರನ್ನೂ ಮನೆಯಲ್ಲಿ ಕೂಡಿಹಾಕಲಿಲ್ಲ.

‘ಅವನು ಫೋರ್ ಟ್ವೆಂಟಿ’ ಅನ್ನುತ್ತೇವೆ. ಅದು ಭಾರತೀಯ ದಂಡ ಸಂಹಿತೆಯ ಮೋಸದ ಸೆಕ್ಷನ್. 2024ರ ಜುಲೈ 1ರಿಂದ ಆ ಕಾಯ್ದೆಯೇ ಇಲ್ಲ. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೋಸದ ಸೆಕ್ಷನ್ 318. ಆದರೂ ಯಾರೂ ‘ಅವನು ತ್ರೀ ಎಯ್ಟೀನ್’ ಅನ್ನಲ್ಲ. ಪದ ಆಡುವವರು ಯಾವ ಅರ್ಥದಲ್ಲಿ ಆಡುತ್ತಾರೋ ಅದೇ ಅದರ ಅರ್ಥ. ಪಕ್ಕದಲ್ಲಿ ಕೂತು ನೋಡುವವರು ಊಹಿಸಿದ್ದಲ್ಲ.

ನಮ್ಮ ಊರಿನ ಹೆಸರನ್ನೇ ತಗೊಳ್ಳಿ. ಟಿ. ನರಸೀಪುರ ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಆ ‘ಟಿ’ ಅಂದರೇನು ಅಂತ ಕಾಲೇಜು ಹುಡುಗರನ್ನು ಕೇಳಿದೆವು. ಒಬ್ಬ ‘ಟೌನ್’ ಅಂದ. ಇನ್ನೊಬ್ಬ ‘ತಾಲ್ಲೂಕು’ ಅಂದ. ಅದು ತಿರುಮಕೂಡಲು. ಕಾವೇರಿ, ಕಪಿಲೆ, ಜೊತೆಗೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರ, ಮೂರೂ ಕೂಡುವ ಜಾಗ ಅಂತ ಆ ಹೆಸರು. ನಮ್ಮ ಬಾಯಲ್ಲೇ ಇರುವ ಒಂದಕ್ಷರಕ್ಕೆ ನಾವೇ ತಪ್ಪು ಅರ್ಥ ಹೇಳುತ್ತೇವೆ. ಹೀಗಿರುವಾಗ ಬೇರೆಯವರ ಮಗಳ ಸ್ಟೇಟಸ್‌ಗೆ ಅರ್ಥ ಹೇಳುವ ಧೈರ್ಯ ಎಲ್ಲಿಂದ ಬಂತು?

ಬೆಲೆ ಕಟ್ಟುವವರು ಯಾರು?

ತಪ್ಪು ಅರ್ಥ ಕಟ್ಟುವವರು ಯಾರೇ ಇರಲಿ, ಬೆಲೆ ಕಟ್ಟುವವರು ಮಾತ್ರ ಹೆಣ್ಣುಮಕ್ಕಳು. ಅದೇ 67 ಅನ್ನು ಆ ಹುಡುಗಿಯ ಕ್ಲಾಸಿನ ಗಂಡುಹೈಕ್ಳು ಸ್ಟೇಟಸ್‌ಗೆ ಹಾಕಿದ್ದರು. ಒಬ್ಬನ ಫೋನನ್ನೂ ಯಾರೂ ಕಿತ್ತುಕೊಳ್ಳಲಿಲ್ಲ. ‘ಸಂಜೆ ಆರಕ್ಕೆ ಯಾರನ್ನ ನೋಡಕ್ಕೆ ಹೋಯ್ತಿದ್ದೀಯ?’ ಅಂತ ಒಬ್ಬನನ್ನೂ ಕೇಳಲಿಲ್ಲ.

ಮೊದಲೇ ನಮ್ಮ ಹೆಣ್ಣುಮಕ್ಕಳ ಕೈಗೆ ಇಂಟರ್ನೆಟ್ ಸಿಗೋದು ಕಮ್ಮಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ನೂರಕ್ಕೆ ಸುಮಾರು 25. ಗಂಡಸರು ಸುಮಾರು 49. ಅರ್ಧದಷ್ಟು. ಆ ಅರ್ಧದಲ್ಲೂ ಎಷ್ಟು ಫೋನು ಇಂಥ ಸುಳ್ಳು ಅರ್ಥಕ್ಕೆ ಬೀರುವಿನೊಳಗೆ ಸೇರಿವೆಯೋ ಲೆಕ್ಕ ಇಟ್ಟವರಿಲ್ಲ.

ಫೋನ್ ಹೋದರೆ ಬರೀ ರೀಲ್ಸ್ ಹೋಗಲ್ಲ. ಸ್ಕಾಲರ್‌ಶಿಪ್ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನ ಓಟಿಪಿ ಆ ನಂಬರಿಗೇ ಬರೋದು. ಕಾಲೇಜಿನ ನೋಟಿಸು, ಪರೀಕ್ಷೆಯ ಟೈಮ್ ಟೇಬಲ್ಲು, ಮೇಷ್ಟ್ರು ಕಳಿಸುವ ನೋಟ್ಸು ಎಲ್ಲ ಕ್ಲಾಸ್ ಗ್ರೂಪಿಗೆ ಬರೋದು. ಅಮ್ಮನ ಗೃಹಲಕ್ಷ್ಮಿ ದುಡ್ಡು ಬಂತಾ ಅಂತ ಬ್ಯಾಂಕಿನ ಮೆಸೇಜು ನೋಡಿ ಹೇಳುವವಳೂ ಎಷ್ಟೋ ಮನೆಯಲ್ಲಿ ಅದೇ ಹುಡುಗಿ. ಆ ಮನೆಯಲ್ಲಿ ಫೋನ್ ಒಳಗಿಟ್ಟ ಮೂರನೇ ದಿನ ಅಪ್ಪನೇ ಬೇರೆ ಹುಡುಗನ ಹತ್ತಿರ ಹೋಗಿ ತನ್ನ ಬ್ಯಾಂಕಿನ ಮೆಸೇಜು ಓದಿಸಿಕೊಂಡು ಬಂದರಂತೆ.

ತಪ್ಪು ಅರ್ಥ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಒಂದು ಊರಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ಕೆಲವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನೋಡಿದವರು ‘ಮಕ್ಕಳ ಕಳ್ಳರು’ ಅಂತ ಅರ್ಥ ಕಟ್ಟಿದರು. ವಾಟ್ಸ್ಆ್ಯಪಿನಲ್ಲಿ ಅದು ಮುಂದಿನ ಊರಿಗೆ ಓಡಿತು. ಅಲ್ಲಿ ಜನ ಕಾರು ತಡೆದು ಹೊಡೆದರು. ಒಬ್ಬ ಎಂಜಿನಿಯರ್ ಸತ್ತ. ಅದೇ ತಿಂಗಳು ವಾಟ್ಸ್ಆ್ಯಪ್ ಕಂಪನಿ ಭಾರತದಲ್ಲಿ ಒಂದು ಮೆಸೇಜನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ಫಾರ್ವರ್ಡ್ ಮಾಡದ ಹಾಗೆ ಮಿತಿ ಹಾಕಿತು. ಫಾರ್ವರ್ಡ್‌ಗೆ ಮಿತಿ ಹಾಕಬಹುದು. ನೋಡಿದ ತಕ್ಷಣ ಅರ್ಥ ಕಟ್ಟುವ ನಮ್ಮ ಬುದ್ಧಿಗೆ ಮಿತಿಯನ್ನು ನಾವೇ ಹಾಕಿಕೊಳ್ಳಬೇಕು.

ನಗುವ ಹೈಕ್ಳಿಗೂ ಒಂದು ಮಾತು

ಇಷ್ಟು ಓದಿ ನಮ್ಮ ಹುಡುಗರು ‘ಸರಿಯಾಗಿ ಹೇಳುದ್ರಿ’ ಅಂತ ಕುಣಿಯಬೇಡಿ. ನಿಮ್ಮ ಹತ್ರಾನೂ ಲೆಕ್ಕ ಕೇಳೋದಿದೆ.

ಊರಲ್ಲಿ ಯಾರೋ ತೀರಿಕೊಂಡ ಸುದ್ದಿ ಗ್ರೂಪಿಗೆ ಬರುತ್ತೆ. ಹಿರಿಯರೊಬ್ಬರು ಕಣ್ಣೀರು ಸುರಿಯುವ ಮುಖ ಹಾಕುತ್ತಾರೆ. ಅದು ಅಳುವ ಮುಖ ಅಲ್ಲ, ನಕ್ಕು ನಕ್ಕು ಕಣ್ಣೀರು ಬಂದ ಮುಖ. ನೀವು ಅದರ ಫೋಟೊ ತೆಗೆದು ಬೇರೆ ಗ್ರೂಪಿಗೆ ಹಾಕಿ ‘ನಮ್ಮೂರ್ ಗುಗ್ಗು’ ಅಂತ ಬರೆಯುತ್ತೀರಿ. ಸಾವಿಗೆ ನೊಂದು ಹಾಕಿದ ಮನುಷ್ಯನನ್ನು ಸಾವಿಗೆ ನಕ್ಕವನನ್ನಾಗಿ ಮಾಡುತ್ತೀರಿ. ಇದೂ ಅರ್ಥ ಕಟ್ಟೋದೇ. ಅದೂ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಿದ್ದೂ ಕಟ್ಟೋದು.

ಬ್ರಿಟನ್ನಿನ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರಾನ್ ತಮ್ಮ ಮೆಸೇಜಿನ ಕೊನೆಗೆ ‘ಎಲ್ಒಎಲ್’ ಅಂತ ಹಾಕುತ್ತಿದ್ದರಂತೆ. ತುಂಬಾ ಪ್ರೀತಿಯಿಂದ ಅಂತ ಅದರ ಅರ್ಥ ಅಂದುಕೊಂಡಿದ್ದರು. ಜೋರಾಗಿ ನಗುತ್ತಿದ್ದೇನೆ ಅಂತ ಅರ್ಥ ಅಂತ ಮೆಸೇಜು ಪಡೆದ ಪತ್ರಿಕೆಯವರು ಆಮೇಲೆ ತಿಳಿಸಿಕೊಟ್ಟರು. 2012ರಲ್ಲಿ ಒಂದು ವಿಚಾರಣಾ ಆಯೋಗದ ಮುಂದೆ ಈ ಮಾತು ಬಂತು. ದೊಡ್ಡ ಸ್ಕೂಲಲ್ಲಿ ಓದಿ ದೇಶ ಆಳಿದವರೇ ಎಡವಿದ ಜಾಗದಲ್ಲಿ ನಮ್ಮ ತಾತ ಎಡವಿದರೆ ಏನಾಯ್ತು?

ಅದರ ಬದಲು ಪಕ್ಕದಲ್ಲಿ ಕೂತು ಹೇಳಿಕೊಡಿ. ಯಾಕಂದರೆ ಇದು ಬರೀ ನಗುವ ವಿಷಯ ಅಲ್ಲ, ದುಡ್ಡಿನ ವಿಷಯ ಕೂಡ. ಕೆನಡಾದಲ್ಲಿ ಒಬ್ಬ ರೈತನಿಗೆ ಧಾನ್ಯದ ವ್ಯಾಪಾರಿ ಅಗಸೆ ಕೊಳ್ಳುವ ಒಪ್ಪಂದದ ಫೋಟೊ ಕಳಿಸಿದ. ರೈತ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದ. ‘ಬಂತು ಅಂತ ತಿಳಿಸಿದೆ ಅಷ್ಟೇ’ ಅಂತ ರೈತನ ವಾದ. ‘ಒಪ್ಪಿದ’ ಅಂತ ವ್ಯಾಪಾರಿಯ ವಾದ. 2023ರಲ್ಲಿ ಸಸ್ಕಾಚೆವಾನ್ ಪ್ರಾಂತ್ಯದ ಕೋರ್ಟು ಆ ಹೆಬ್ಬೆರಳು ಸಹಿಗೆ ಸಮ ಅಂತ ಹೇಳಿ, ಮಾಲು ಕೊಡದ ರೈತ 82 ಸಾವಿರ ಡಾಲರಿಗೂ ಮೇಲೆ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು. ನಮ್ಮ ರೈತರೂ ಈಗ ಬಾಳೆ, ಭತ್ತದ ರೇಟನ್ನು ವಾಟ್ಸ್ಆ್ಯಪಿನಲ್ಲೇ ಮಾತಾಡುತ್ತಾರೆ. ಅಪ್ಪನ ಹೆಬ್ಬೆರಳಿಗೆ ನಗುವ ಮುಂಚೆ ಅದರ ಬೆಲೆ ಏನು ಅಂತ ಅಪ್ಪನಿಗೆ ಹೇಳಿ. ‘ನೋಡಿದೆ’ ಅನ್ನೋದಾದರೆ ‘ನೋಡಿದೆ’ ಅಂತ ಮಾತಲ್ಲೇ ಬರೆಯಲಿ. ಬರೆಯಕ್ಕೆ ಆಗದಿದ್ದರೆ ಮೈಕ್ ಒತ್ತಿ ಹೇಳಲಿ.

ನಮ್ಮ ಮಾತನ್ನೇ ನಮಗೆ ಜೋಕು ಮಾಡಿ ಕೊಟ್ಟರು

‘ಹೈಕ್ಳು’ ಅಂದರೆ ನಮ್ಮ ಕಡೆ ಮಕ್ಕಳು. ಹೈದ ಅಂದರೆ ಹುಡುಗ. ‘ಹೈಕ್ಳು ಉಂಡ್ವಾ?’ ಅಂತ ಕೇಳುವ ಅಜ್ಜಿಯ ಬಾಯಲ್ಲಿ ಅದಕ್ಕಿಂತ ಮೆತ್ತನೆಯ ಪದ ಇಲ್ಲ. ಟ್ರೋಲ್ ಪೇಜುಗಳ ಕಾಲ ಬಂದ ಮೇಲೆ ಈ ಪದ ಬೆಂಗಳೂರಿಗೂ ಹೋಯಿತು. ಈಗ ಅಲ್ಲಿ ಹೈಕ್ಳು ಅಂದರೆ ಕಾಲೆಳೆಯುವ ಹುಡುಗರ ಗುಂಪು. ಪದ ಊರು ಬಿಟ್ಟು ಹೋಗೋದು, ಬೇರೆ ಅರ್ಥ ಪಡೆಯೋದು ತಪ್ಪಲ್ಲ. ನಮಗೆ ಅದರ ಮೇಲೆ ಕೋಪ ಇಲ್ಲ.

ಕೋಪ ಇರೋದು ಇನ್ನೊಂದರ ಮೇಲೆ. ‘ಮಡಗು’, ‘ಒಸಿ’, ‘ಬುಡು’, ‘ಎತ್ಲಾಗೆ’ ಅನ್ನೋ ನಮ್ಮ ಮಾತನ್ನು ಯಾರಾದರೂ ವಿಡಿಯೊದಲ್ಲಿ ಆಡಿದರೆ ಸಾಕು, ಹಿಂದೆ ತಮಾಷೆಯ ಮ್ಯೂಸಿಕ್ಕು ಬರುತ್ತೆ. ಆಡಿದವರು ಏನು ಹೇಳಿದರು ಅಂತ ಯಾರೂ ಕೇಳಲ್ಲ. ಹೇಗೆ ಹೇಳಿದರು ಅನ್ನೋದೇ ಜೋಕು. 2019ರ ಉಪಚುನಾವಣೆ ವೇಳೆ ಕಾಗವಾಡದಲ್ಲಿ ಸಿದ್ದರಾಮಯ್ಯನವರ ಭಾಷಣ ಕೇಳುತ್ತಿದ್ದ ಒಬ್ಬರು ಮನಸಾರೆ ‘ಹೌದು ಹುಲಿಯಾ’ ಅಂತ ಕೂಗಿದರು. ಉತ್ತರ ಕರ್ನಾಟಕದಲ್ಲಿ ಅದು ಮೆಚ್ಚಿ ಹುರುಪು ತುಂಬುವ ಮಾತು. ವಾರದೊಳಗೆ ಇಡೀ ರಾಜ್ಯ ಅದನ್ನು ಗೇಲಿ ಮಾಡೋಕೆ ಬಳಸಿತು.

ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನ ದೇವನೂರ ಮಹಾದೇವ ಅವರು ‘ಕುಸುಮಬಾಲೆ’ಯನ್ನು ಬರೆದದ್ದು ಈ ಸೀಮೆಯ ಆಡುಮಾತಿನಲ್ಲಿ. ಬೇರೆ ಕಡೆಯ ಎಷ್ಟೋ ಓದುಗರಿಗೆ ಅದು ಕಷ್ಟ ಆಯಿತು. ಆದರೆ ಕಷ್ಟ ಅಂತ ಅವರು ನಗಲಿಲ್ಲ. ಮತ್ತೆ ಮತ್ತೆ ಓದಿದರು, ಈ ಕಡೆಯವರನ್ನು ಕೇಳಿ ತಿಳಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೊತ್ತಿಲ್ಲದ ಮಾತು ಎದುರಾದಾಗ ಮಾಡಬೇಕಾದ್ದು ಇದು. ನಮ್ಮ ಮಾತಿಗೆ ಆ ಮರ್ಯಾದೆ ಬೇಕು ಅಂತ ಕೇಳುವ ನಾವು, ನಮ್ಮ ಮನೆಯ ಮಕ್ಕಳ ಮಾತಿಗೂ ಅದೇ ಮರ್ಯಾದೆ ಕೊಡಬೇಕು.

‘ಹಂಗಾದ್ರೆ ಮಕ್ಕಳ ಮೇಲೆ ಕಣ್ಣಿಡಬಾರದಾ?’

ಇಡಬೇಕು. ಇದು ನ್ಯಾಯವಾದ ಪ್ರಶ್ನೆ. ಫೋನಿನಲ್ಲಿ ಮೋಸ ಇದೆ, ಕಿರುಕುಳ ಇದೆ, ಫೋಟೊ ಇಟ್ಟುಕೊಂಡು ಹೆದರಿಸುವವರು ಇದ್ದಾರೆ. ಆದರೆ ಅಪಾಯ ಇರೋದು 67ರಲ್ಲಿ ಅಲ್ಲ, ಹೃದಯದ ಬಣ್ಣದಲ್ಲಿ ಅಲ್ಲ.

ನಿಜವಾಗಿ ಕಲಿಯಬೇಕಾದ ಮೂರಕ್ಷರ ಬೇರೆ ಇದೆ. ಎಪಿಕೆ. ‘ಮದುವೆ ಕರೆಯೋಲೆ’ ಅಂತಲೋ ‘ಪಿಎಂ ಕಿಸಾನ್ ಪಟ್ಟಿ’ ಅಂತಲೋ ಒಂದು ಫೈಲ್ ಬರುತ್ತೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇದ್ದರೆ ಅದು ಕರೆಯೋಲೆ ಅಲ್ಲ, ಫೋನಿನೊಳಗೆ ಕೂರುವ ಆ್ಯಪು. ಒತ್ತಿ ಹಾಕಿಕೊಂಡರೆ ನಿಮಗೆ ಬರುವ ಓಟಿಪಿ ಅವರಿಗೂ ಕಾಣುವ ಹಾಗೆ ಮಾಡಬಹುದು, ಬ್ಯಾಂಕಿನ ದುಡ್ಡು ಹೋಗಬಹುದು. ಮಗಳ ಸ್ಟೇಟಸ್‌ಗೆ ಅರ್ಥ ಹುಡುಕುವ ಎಷ್ಟೋ ಅಪ್ಪಂದಿರು ಇಂಥ ಕರೆಯೋಲೆ ಬಂದರೆ ‘ಯಾರ ಮದ್ವೆ ಅಂತ ನೋಡವಾ’ ಅಂತ ಒತ್ತಿಬಿಡುತ್ತಾರೆ. ಒತ್ತಬೇಡಿ ಅಂತ ತಡೆಯೋದು ಹೆಚ್ಚಿನ ಸಲ ಅದೇ ಮಗಳು, ಅವಳ ಕೈಯಲ್ಲಿ ಫೋನ್ ಇದ್ದರೆ.

ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮಕ್ಕಳಿಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ 1098ಕ್ಕೆ ಮಾಡಿ. ಈ ಎರಡು ಅಂಕಿಯ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಮತ್ತೊಂದು ಮಾತು. ತೊಂದರೆಗೆ ಸಿಕ್ಕ ಹುಡುಗಿ ಅಪ್ಪನ ಹತ್ತಿರ ಬಂದು ಹೇಳಬೇಕು ಅಂದರೆ, ಹೇಳಿದರೆ ಅಪ್ಪ ಕೇಳುತ್ತಾನೆ ಅನ್ನೋ ನಂಬಿಕೆ ಇರಬೇಕು. 67ಕ್ಕೇ ಒಂಬತ್ತು ದಿನ ಕಾಲೇಜು ನಿಂತ ಮನೆಯಲ್ಲಿ, ನಾಳೆ ನಿಜವಾಗಿ ಯಾರಾದರೂ ಹೆದರಿಸಿದರೆ ಆ ಹುಡುಗಿ ಬಾಯಿ ಬಿಡುತ್ತಾಳಾ? ಸುಳ್ಳು ಅರ್ಥ ಕಟ್ಟಿ ಶಿಕ್ಷೆ ಕೊಡುವವರು ಮಕ್ಕಳನ್ನು ಕಾಪಾಡುತ್ತಿಲ್ಲ. ಕಾಪಾಡುವ ಒಂದೇ ದಾರಿಯನ್ನು ಮುಚ್ಚುತ್ತಿದ್ದಾರೆ.

ಕೇಳೋದಕ್ಕೆ ದುಡ್ಡು ಬೇಡ

ನಾವು ಪತ್ರಿಕೋದ್ಯಮ ಓದುವಾಗ ಮೊದಲ ಪಾಠ ಒಂದೇ. ಯಾರ ಬಗ್ಗೆ ಬರೆಯುತ್ತೀರೋ ಅವರನ್ನೇ ಮೊದಲು ಕೇಳಿ. ಇದಕ್ಕೆ ಡಿಗ್ರಿ ಬೇಕಿಲ್ಲ. ಮಗಳ ಸ್ಟೇಟಸ್ ಅರ್ಥ ಆಗಲಿಲ್ಲ ಅಂದರೆ ಊಟಕ್ಕೆ ಕೂತಾಗ ‘ಇದೇನವ್ವ, ನಮ್ಗೂ ಒಸಿ ಹೇಳು’ ಅನ್ನಿ. ದನಿ ಏರಿಸದೆ ಅನ್ನಿ. ಬೇರೆಯವರು ಬಂದು ‘ನಿಮ್ಮ ಹುಡುಗಿ ಹಿಂಗೆ ಬರೆದವಳೆ’ ಅಂದರೆ ‘ಅವಳನ್ನ ಕೇಳಿದ್ರಾ?’ ಅಂತ ಅವರನ್ನೇ ತಿರುಗಿ ಕೇಳಿ. ರಹಸ್ಯ ಪದದ ಪಟ್ಟಿ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಹುಡುಗರು ತಾತನ ತಪ್ಪು ಚಿತ್ರ ನೋಡಿದರೆ ಫೋಟೊ ತೆಗೆಯದೆ ತಾತನ ಹತ್ತಿರ ಹೋಗಿ ಹೇಳಿ.

ಆ ಹುಡುಗಿಗೆ ಫೋನ್ ವಾಪಸ್ ಸಿಕ್ಕಿದೆ. ಕಾಲೇಜಿಗೂ ಹೋಗುತ್ತಿದ್ದಾಳೆ. ದಿನಾ ಸಂಜೆ ಮನೆಗೆ ಬಂದ ಮೇಲೆ ಫೋನ್ ಅಪ್ಪನ ಕೈಗೆ ಕೊಡಬೇಕು, ಅದು ಮಾತ್ರ ಇನ್ನೂ ನಿಂತಿಲ್ಲ. ಸ್ಟೇಟಸ್ ಹಾಕೋದು ಬಿಟ್ಟಿದ್ದಾಳೆ. 67ಕ್ಕೆ ಬಸ್ ಸ್ಟ್ಯಾಂಡಿನ ಅರ್ಥ ಕಟ್ಟಿದವರು ಇವತ್ತಿನವರೆಗೂ ಆ ಮನೆಗೆ ಬಂದು ‘ತಪ್ಪಾಯ್ತು’ ಅಂದಿಲ್ಲ.

ಇದನ್ನು ಅವರೂ ಓದಬಹುದು. ಓದಿದರೆ, ಹೋಗಿ ಹೇಳಿ.